ತಾಪಮಾನ ‘ನಿಯಂತ್ರಣ’ವೋ ‘ಹದ’ವೋ: ಫ್ರೆಡ್ರಿಕ್ ಜೋನ್ಸ್ ಪೇಟೆಂಟುಗಳಿಗೆ ಕನ್ನಡ ಪದ ಬೇಕು

ಗೆಳೆಯರಿಗೆ ನಮಸ್ಕಾರ.

ಅಮೆರಿಕದ ಎಂಜಿನಿಯರ್ ಫ್ರೆಡ್ರಿಕ್ ಮೆಕಿನ್ಲಿ ಜೋನ್ಸ್ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಓದುವವರು ಹೈಸ್ಕೂಲು, ಕಾಲೇಜಿನ ಮಕ್ಕಳು. ಲಾರಿಗೆ ಕೂರಿಸುವ ತಂಪು ಯಂತ್ರವನ್ನು ನಿಜವಾದ ಬಳಕೆಗೆ ತಂದವರು ಜೋನ್ಸ್. 1893ರಲ್ಲಿ ಹುಟ್ಟಿದರು, 1961ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ 60ಕ್ಕೂ ಹೆಚ್ಚು ಪೇಟೆಂಟುಗಳಿವೆ, ಬಹುಪಾಲು ತಂಪು ಯಂತ್ರಗಳಿಗೇ ಸೇರಿದ್ದು. ಬದುಕಿನ ಭಾಗ ಬರೆಯುವುದು ಸಲೀಸಾಯಿತು. ಪೇಟೆಂಟುಗಳ ಹೆಸರನ್ನು ಕನ್ನಡಕ್ಕೆ ತರುವಲ್ಲಿ ಕೈಕಟ್ಟಿದಂತಾಗಿದೆ. ನಿಘಂಟಿನಲ್ಲಿ ಪದ ಇಲ್ಲ ಅಂತಲ್ಲ. ಇರುವ ಪದ ಅವರು ಮಾಡಿದ ಕೆಲಸಕ್ಕೆ ಕೂರುತ್ತಿಲ್ಲ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಅದು ಗೊತ್ತಾಗದೆ ಪದ ಹುಡುಕಿ ಪ್ರಯೋಜನ ಇಲ್ಲ.

ಜೋನ್ಸ್ ಅವರ ಶಾಲೆ ಓದು ಅರ್ಧಕ್ಕೇ ನಿಂತಿತ್ತು. ಮಿನೆಸೋಟಾದ ಹ್ಯಾಲಕ್ ಎಂಬ ಸಣ್ಣ ಊರಿನಲ್ಲಿ ಹೊಲದ ಯಂತ್ರಗಳನ್ನು ರಿಪೇರಿ ಮಾಡುತ್ತಾ, ಪುಸ್ತಕ ಓದುತ್ತಾ ತಾವೇ ಎಲ್ಲ ಕಲಿತರು. ಆಮೇಲೆ ಮಿನ್ನಿಯಾಪೊಲಿಸ್‌ನಲ್ಲಿ ಸಿನಿಮಾ ಧ್ವನಿ ಉಪಕರಣಗಳ ಉದ್ಯಮ ನಡೆಸುತ್ತಿದ್ದ ಜೋಸೆಫ್ ನ್ಯೂಮೆರೊ ಅವರ ಬಳಿ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಮಾಂಸ, ಹಣ್ಣು, ತರಕಾರಿಯನ್ನು ದೂರ ಸಾಗಿಸಬೇಕಾದರೆ ಲಾರಿಯಲ್ಲಿ ಐಸ್ ತುಂಬಬೇಕಿತ್ತು. ಐಸ್ ಭಾರ, ದಾರಿಯಲ್ಲಿ ಕರಗುತ್ತದೆ, ಎಲ್ಲೋ ತಡವಾದರೆ ಸರಕೆಲ್ಲ ಹಾಳು. 1930ರ ದಶಕದ ಕೊನೆಯಲ್ಲಿ ಜೋನ್ಸ್ ಲಾರಿಗೇ ಜೋಡಿಸುವ ಯಂತ್ರ ಮಾಡಿದರು. ಮೊದಮೊದಲು ಅದು ಲಾರಿಯ ಅಡಿಯಲ್ಲಿತ್ತು. ರಸ್ತೆಯ ಕೆಸರು, ದೂಳು ಎಲ್ಲ ಅದಕ್ಕೇ ಬಡಿಯುತ್ತಿತ್ತು. ಆಮೇಲೆ ಮುಂಭಾಗದಲ್ಲಿ, ಚಾಲಕನ ಕ್ಯಾಬಿನ್ನಿನ ಮೇಲಕ್ಕೆ ಏರಿಸಿದರು. ಇವತ್ತಿಗೂ ತಂಪು ಲಾರಿಗಳ ಹಣೆಯ ಮೇಲೆ ಒಂದು ಡಬ್ಬ ಕಾಣುತ್ತದಲ್ಲ, ಅದರ ಮೂಲ ಇದೇ. ಇವರಿಬ್ಬರು ಕಟ್ಟಿದ ಕಂಪನಿಯೇ ಮುಂದೆ ಥರ್ಮೋ ಕಿಂಗ್ ಆಯಿತು.

ಇಲ್ಲಿ ಒಂದು ಮಾತು. ಜೋನ್ಸ್ ‘ಶೈತ್ಯೀಕರಣವನ್ನು ಕಂಡುಹಿಡಿದರು’ ಅಂತ ದಯವಿಟ್ಟು ಯಾರೂ ಬರೆಯಬೇಡಿ. ಜೇಕಬ್ ಪರ್ಕಿನ್ಸ್ 1830ರ ದಶಕದಲ್ಲೇ ಅಂಥ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. 1870ರ ದಶಕದಲ್ಲಿ ಕಾರ್ಲ್ ವಾನ್ ಲಿಂಡೆ ಅಮೋನಿಯಾ ಯಂತ್ರ ಮಾಡಿದ್ದರು. ಆದರೆ ಅವೆಲ್ಲ ಒಂದು ಕಡೆ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವ ಯಂತ್ರಗಳು. ಓಡುವ ಲಾರಿಯ ಕುಲುಕಾಟ ತಡೆದುಕೊಂಡು, ಹಗುರವಾಗಿದ್ದು, ತನ್ನಷ್ಟಕ್ಕೆ ತಾನೇ ಶುರುವಾಗಿ ನಿಲ್ಲುವ ಯಂತ್ರ ಬೇಕಿತ್ತು. ಜೋನ್ಸ್ ಮಾಡಿದ್ದು ಅದನ್ನು. ಕನ್ನಡದಲ್ಲಿ ಇರುವುದನ್ನು ಪತ್ತೆ ಮಾಡಿದರೂ ‘ಕಂಡುಹಿಡಿ’, ಇಲ್ಲದ್ದನ್ನು ಹೊಸದಾಗಿ ಕಟ್ಟಿದರೂ ‘ಕಂಡುಹಿಡಿ’. ಅದಕ್ಕೇ ನಾನು ‘ರೂಪಿಸಿದರು’ ಅಂತ ಇಟ್ಟಿದ್ದೇನೆ. ಅದರ ಬಗ್ಗೆ ನನಗೆ ಗೊಂದಲ ಇಲ್ಲ.

ಈಗ ನಿಜವಾದ ತೊಡಕಿಗೆ ಬರುತ್ತೇನೆ.

1950ರ ಅವರ ಒಂದು ಪೇಟೆಂಟಿನ ಹೆಸರನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ‘ಮುಚ್ಚಿದ ಜಾಗದೊಳಗಿನ ಗಾಳಿಯನ್ನು ಬಿಸಿ ಅಥವಾ ತಂಪು ಮಾಡುವ ಸಾಧನ’. ‘ಬಿಸಿ ಅಥವಾ ತಂಪು’ ಅನ್ನುವುದನ್ನು ಗಮನಿಸಿ. ಮಿನೆಸೋಟಾದ ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗುವುದುಂಟು. ಆಗ ಲಾರಿಯಲ್ಲಿ ಬಾಳೆಹಣ್ಣಿದ್ದರೆ ತಂಪು ಮಾಡುವ ಮಾತೇ ಇಲ್ಲ, ಬೆಚ್ಚಗೆ ಇಡಬೇಕು. ಬಾಳೆಹಣ್ಣಿಗೆ ಸುಮಾರು 13 ಡಿಗ್ರಿಗಿಂತ ಕಡಿಮೆಯಾದರೆ ಏಟು. ಸಿಪ್ಪೆ ಕಂದು ಬಣ್ಣಕ್ಕೆ ತಿರುಗುತ್ತದೆ, ಸರಿಯಾಗಿ ಹಣ್ಣಾಗುವುದೇ ಇಲ್ಲ. ಸೊಪ್ಪಿಗಾದರೆ ಸೊನ್ನೆಯ ಹತ್ತಿರ ಇರಬೇಕು. ಹೆಪ್ಪುಗಟ್ಟಿಸಿದ ಮಾಂಸಕ್ಕೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಒಂದೊಂದು ಸರಕಿಗೆ ಒಂದೊಂದು ಅಳತೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಆಸ್ಪತ್ರೆಗಳಿಗೆ ರಕ್ತ ಮತ್ತು ಔಷಧಿ ಕೆಡದಂತೆ ಇಡಲು ಜೋನ್ಸ್ ಯಂತ್ರಗಳು ಹೋದವು. ರಕ್ತವನ್ನಂತೂ ತಣ್ಣಗೆ ಇಡಬೇಕು, ಆದರೆ ಹೆಪ್ಪುಗಟ್ಟಲು ಬಿಡುವ ಹಾಗಿಲ್ಲ.

ಅಂದರೆ ಜೋನ್ಸ್ ಜೀವಮಾನದ ಕೆಲಸ ಬರೀ ತಂಪು ಮಾಡುವುದಲ್ಲ. ಬೇಕಾದ ತಾಪಮಾನವನ್ನು ಹಿಡಿದು ನಿಲ್ಲಿಸುವುದು. ‘ಶೈತ್ಯೀಕರಣ’ ಅಂದ ತಕ್ಷಣ ಆ ಅರ್ಧ ಬಿಟ್ಟುಹೋಗುತ್ತದೆ.

ಸರಿ, ‘ತಾಪಮಾನ ನಿಯಂತ್ರಣ’ ಅನ್ನಬಹುದಲ್ವಾ ಅಂತ ನೀವು ಕೇಳಬಹುದು. ಪಠ್ಯಪುಸ್ತಕಗಳಲ್ಲಿ ಅದೇ ಇದೆ. ಆದರೆ ದಿನಬಳಕೆಯ ಕನ್ನಡದಲ್ಲಿ ‘ನಿಯಂತ್ರಣ’ ಯಾವ ಕಡೆಗೆ ವಾಲಿದೆ ನೋಡಿ. ಬೆಲೆ ನಿಯಂತ್ರಣ, ರೋಗ ನಿಯಂತ್ರಣ, ಜನಸಂಖ್ಯೆ ನಿಯಂತ್ರಣ, ಕೋಪ ನಿಯಂತ್ರಣ. ಎಲ್ಲ ಕಡೆಯೂ ಅದು ಮೇಲೇರುವುದನ್ನು ತಡೆಯುವುದು, ಅದುಮುವುದು. ಬೆಂಕಿ ‘ನಿಯಂತ್ರಣಕ್ಕೆ ಬಂತು’ ಅಂದರೆ ಆರುತ್ತಾ ಬಂತು ಅಂತಲೇ ಅರ್ಥ. ಹಾಗಾಗಿ ‘ತಾಪಮಾನ ನಿಯಂತ್ರಣ’ ಅಂದಾಗ ಓದುವ ಮಗು ‘ಬಿಸಿ ಜಾಸ್ತಿಯಾಗದಂತೆ ನೋಡಿಕೊಳ್ಳುವುದು’ ಅಂತ ಅಂದುಕೊಳ್ಳುತ್ತದೆ. ಕಡಿಮೆಯಾದಾಗ ಏರಿಸುವುದೂ ನಿಯಂತ್ರಣವೇ ಅಂತ ಅದಕ್ಕೆ ಹೊಳೆಯುವುದಿಲ್ಲ.

ನನಗೆ ತೋಚಿದ ಪದ ‘ಹದ’. ಮಣ್ಣಿನ ಹದ, ಅಡುಗೆಯ ಹದ, ಮಾತಿನ ಹದ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು. ಎಲ್ಲದಕ್ಕೂ ಒಂದೇ ಹದ ಇಲ್ಲ ಅನ್ನುವುದೂ ಪದದೊಳಗೇ ಇದೆ. ಬಾಳೆಹಣ್ಣಿನ ಹದ ಬೇರೆ, ಮಾಂಸದ ಹದ ಬೇರೆ. ಹದ ಮೀರುತ್ತದೆ, ಹದ ತಪ್ಪುತ್ತದೆ, ಹದಕ್ಕೆ ಬರುತ್ತದೆ. ಕ್ರಿಯಾಪದಗಳೆಲ್ಲ ಸಿದ್ಧವಾಗಿಯೇ ಇವೆ. ‘ಹದಗೆಟ್ಟಿದೆ’ ಅಂತ ರಸ್ತೆಗೂ ಆರೋಗ್ಯಕ್ಕೂ ಪತ್ರಿಕೆಗಳು ದಿನಾ ಬರೆಯುತ್ತವೆ. ಬರೆದು ನೋಡಿದ ಒಂದು ವಾಕ್ಯ ಹೀಗಿದೆ: ‘ಹೊರಗೆ ಎಷ್ಟೇ ಸೆಕೆ ಇರಲಿ, ಚಳಿ ಇರಲಿ, ಪೆಟ್ಟಿಗೆಯೊಳಗಿನ ತಾಪಮಾನ ಹದ ತಪ್ಪದಂತೆ ಯಂತ್ರ ನೋಡಿಕೊಳ್ಳುತ್ತದೆ.’ ವಾಕ್ಯವಾಗಿ ಇದು ಚೆನ್ನಾಗಿ ಓದಿಸಿಕೊಳ್ಳುತ್ತದೆ ಅಂತ ನನಗನ್ನಿಸುತ್ತದೆ. ಆದರೆ ಹೆಸರಾಗಿ ಇಡಬೇಕಾದಾಗ ‘ತಾಪಮಾನ ಹದಗೊಳಿಕೆ’ ಅಂದರೆ ಸ್ವಲ್ಪ ಹೊಸದಾಗಿ ಕೇಳುತ್ತದೆ. ‘ತಾಪಹದ ವ್ಯವಸ್ಥೆ’ ಅಂದರೆ ಅರ್ಥ ಬಿಡಿಸಿಕೊಳ್ಳಬೇಕು. ಇಲ್ಲೇ ನಿಮ್ಮ ಸಹಾಯ ಬೇಕಾಗಿರುವುದು. 1960ರ ಪೇಟೆಂಟಿನ ಹೆಸರೇ ‘ಥರ್ಮೋಸ್ಟಾಟ್ ಮತ್ತು ತಾಪಮಾನ ಕಂಟ್ರೋಲ್ ವ್ಯವಸ್ಥೆ’ ಎಂದಿದೆ (ಥರ್ಮೋಸ್ಟಾಟ್ ಅಂದರೆ ತಾಪಮಾನಕ್ಕೆ ತಕ್ಕಂತೆ ಯಂತ್ರವನ್ನು ತಾನೇ ಶುರು ಮಾಡಿ ನಿಲ್ಲಿಸುವ ಸಾಧನ). ತಪ್ಪಿಸಿಕೊಳ್ಳುವ ಹಾಗಿಲ್ಲ.

‘ಹದ’ದ ಪರವಾಗಿ ಇನ್ನೊಂದು ಮಾತಿದೆ. 1949ರಲ್ಲಿ ಬಂದ ಅವರ ಹೆಸರುವಾಸಿ ಪೇಟೆಂಟಿನ ಹೆಸರು ‘ಏರ್ ಕಂಡಿಷನಿಂಗ್ ಯೂನಿಟ್’. ನಾವು ಇದನ್ನು ‘ಹವಾನಿಯಂತ್ರಣ’ ಮಾಡಿಕೊಂಡಿದ್ದೇವೆ. ಏರ್ ಕಂಡಿಷನಿಂಗ್ ಅನ್ನುವ ಪದವನ್ನು 1906ರಲ್ಲಿ ಬಳಕೆಗೆ ತಂದವರು ಸ್ಟುವರ್ಟ್ ಕ್ರೇಮರ್. ಅವರು ಬಟ್ಟೆ ಗಿರಣಿಗಳ ಎಂಜಿನಿಯರ್. ಗಿರಣಿಯ ಗಾಳಿಯಲ್ಲಿ ತೇವ ಎಷ್ಟಿರಬೇಕೋ ಅಷ್ಟಿರುವಂತೆ ಮಾಡುವುದು ಅವರ ಗುರಿ. 1902ರಲ್ಲಿ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್‌ನ ಮುದ್ರಣಾಲಯಕ್ಕೆ ಮಾಡಿಕೊಟ್ಟ ಯಂತ್ರವೂ ತೇವಕ್ಕಾಗಿಯೇ. ಗಾಳಿಯ ತೇವ ಹೆಚ್ಚುಕಡಿಮೆಯಾದರೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಅಂದರೆ ಹುಟ್ಟಿನಲ್ಲೇ ಆ ಪದದ ಅರ್ಥ ಗಾಳಿಯನ್ನು ಹದ ಮಾಡುವುದು. ‘ಹವಾನಿಯಂತ್ರಣ’ ಬೇರೂರಿಬಿಟ್ಟಿದೆ, ಅದನ್ನು ಕೀಳುವ ಹಟ ನನಗಿಲ್ಲ. ಹೊಸದಾಗಿ ಇಡಬೇಕಾದ ಕಡೆಯಾದರೂ ಸರಿಯಾದ್ದನ್ನು ಇಡೋಣ ಅನ್ನುವುದಷ್ಟೇ ನನ್ನ ಆಸೆ.

ಎರಡನೆಯ ತೊಡಕು ‘ಗ್ಯಾಸ್’. ಇದು ಸಣ್ಣದಾಗಿ ಕಂಡರೂ ಎಡವುವ ಜಾಗ. 1949ರ ಇನ್ನೊಂದು ಪೇಟೆಂಟ್ ‘ಗ್ಯಾಸ್ ಎಂಜಿನ್’ ಅನ್ನು ಥರ್ಮೋಸ್ಟಾಟ್ ಮೂಲಕ ನಡೆಸುವ ಬಗ್ಗೆ ಇದೆ. ಅಮೆರಿಕದವರು ‘ಗ್ಯಾಸ್’ ಅಂದರೆ ಗ್ಯಾಸೊಲಿನ್, ಅಂದರೆ ನಮ್ಮ ಪೆಟ್ರೋಲ್. ಜೋನ್ಸ್ ಯಂತ್ರದಲ್ಲಿ ಕಂಪ್ರೆಸರನ್ನು ತಿರುಗಿಸಲು ಸಣ್ಣದೊಂದು ಪೆಟ್ರೋಲ್ ಎಂಜಿನ್ ಇತ್ತು. ಅದೇ ಯಂತ್ರದ ಕೊಳವೆಗಳಲ್ಲಿ ಓಡುವ ದ್ರವ್ಯಕ್ಕೆ ಫ್ರಿಜ್ ರಿಪೇರಿಯವರು ‘ಗ್ಯಾಸ್’ ಅನ್ನುತ್ತಾರೆ. ‘ಗ್ಯಾಸ್ ಹೋಗಿದೆ, ತುಂಬಿಸಬೇಕು’ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಇನ್ನು ಮಕ್ಕಳಿಗೆ ಗ್ಯಾಸ್ ಅಂದರೆ ಒಲೆ. ಒಂದೇ ಪ್ಯಾರಾದಲ್ಲಿ ಈ ಮೂರೂ ಸೇರಿಕೊಂಡರೆ ಏನಾದರೂ ಅರ್ಥವಾದೀತೇ? ನಾನು ‘ಪೆಟ್ರೋಲ್ ಎಂಜಿನ್’ ಅಂತಲೇ ಬರೆದಿದ್ದೇನೆ. ಕೊಳವೆಯಲ್ಲಿ ಓಡುವುದಕ್ಕೆ ‘ಶೀತಕ’ ಎಂಬ ಪದವಿದೆ. ಆದರೆ ಕೆಲವರು ಫ್ರಿಜ್ಜಿಗೇ ಶೀತಕ ಅನ್ನುತ್ತಾರೆ, ಇನ್ನು ಕೆಲವರು ಎಂಜಿನ್ ತಣ್ಣಗಿಡುವ ನೀರಿಗೆ ಅನ್ನುತ್ತಾರೆ. ‘ತಂಪುದ್ರವ’ ಅಂದರೆ ಹೇಗೆ? ಕೊಳವೆಗಳಲ್ಲಿ ಅದು ಸುತ್ತುವ ಸುತ್ತಿನ ಅರ್ಧ ಭಾಗದಲ್ಲಿ ಆವಿಯಾಗಿರುತ್ತದೆ ಅನ್ನುವುದೊಂದೇ ಅದಕ್ಕಿರುವ ಅಡ್ಡಿ.

ಆ ಸುತ್ತನ್ನು ವಿವರಿಸುವಾಗ ‘ಶಾಖ’ ಮತ್ತು ‘ತಾಪಮಾನ’ ಎರಡನ್ನೂ ಬೇರೆಬೇರೆಯಾಗಿ ಹಿಡಿದಿದ್ದೇನೆ. ಇದು ಬಹಳ ಮುಖ್ಯ. ಹವಾಮಾನ ಸುದ್ದಿಯಲ್ಲಿ ಉಷ್ಣಾಂಶ, ಉಷ್ಣತೆ, ತಾಪ, ತಾಪಮಾನ ಎಲ್ಲ ಒಂದೇ ಅನ್ನುವ ಹಾಗೆ ಬರುತ್ತವೆ, ಅಲ್ಲಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಸೊನ್ನೆ ಡಿಗ್ರಿಯ ಐಸ್ ಕರಗಿ ಸೊನ್ನೆ ಡಿಗ್ರಿಯ ನೀರಾಗುವಾಗ ಶಾಖ ಹೀರುತ್ತಲೇ ಇರುತ್ತದೆ, ತಾಪಮಾನ ಮಾತ್ರ ಕದಲುವುದಿಲ್ಲ. ಯಂತ್ರದೊಳಗೂ ಇದೇ ಗುಟ್ಟು. ಒಳಗಿನ ಸುರುಳಿಯಲ್ಲಿ ಶೀತಕ ಆವಿಯಾಗುತ್ತಾ ಪೆಟ್ಟಿಗೆಯ ಗಾಳಿಯ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಇನ್ನೂ ಬಿಸಿ ಮಾಡಿ, ಹೊರಗಿನ ಸುರುಳಿಗೆ ದೂಡುತ್ತದೆ. ಅಲ್ಲಿ ಶಾಖವನ್ನು ಹೊರಗಾಳಿಗೆ ಬಿಟ್ಟು ಅದು ಮತ್ತೆ ದ್ರವವಾಗುತ್ತದೆ. ಹಾಗೆ ನೋಡಿದರೆ ‘ತಂಪು ತುಂಬುವುದು’ ಅನ್ನುವುದೇ ಇಲ್ಲ, ಇರುವುದು ಶಾಖ ಹೊತ್ತು ಹೊರಗೆ ಹಾಕುವುದು. ‘ಶಾಖ ಸಾಗಿಸುವ ಯಂತ್ರ’ ಅಂತ ಒಂದು ಕಡೆ ಬರೆದಿದ್ದೇನೆ. ಹೆಸರಾಗಿ ಅಲ್ಲ, ವಿವರಣೆಯಾಗಿ.

‘ಟನ್’ ಬಗ್ಗೆ ಒಂದು ಸಾಲು ಸಾಕು. ತಂಪು ಯಂತ್ರದ ಟನ್ ತೂಕವಲ್ಲ. 24 ಗಂಟೆಯಲ್ಲಿ ಸುಮಾರು 907 ಕಿಲೋ ಐಸ್ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿ, ಹತ್ತಿರಹತ್ತಿರ 3.5 ಕಿಲೋವ್ಯಾಟ್. ಐಸ್ ಕಾಲದ ಅಳತೆ ಹೊಸ ಯಂತ್ರಕ್ಕೂ ಅಂಟಿಕೊಂಡಿತು. ಟನ್ ಅಂತಲೇ ಇಟ್ಟು ವಿವರಿಸಿದ್ದೇನೆ.

ಥರ್ಮೋಸ್ಟಾಟನ್ನು ಹಾಗೇ ಬಿಟ್ಟಿದ್ದೇನೆ. ‘ಉಷ್ಣಸ್ಥಾಪಿ’ ಅರ್ಥಕ್ಕೆ ಸರಿಯಾಗಿಯೇ ಇದೆ, ಆದರೆ ಅದನ್ನು ಆಡುವವರು ಯಾರೂ ಇಲ್ಲ. ಬದಲಿಗೆ ಅದು ಮಾಡುವುದನ್ನು ತೋರಿಸುವುದು ಮೇಲು. ಹಳೆಯ ಬಗೆಯ ಥರ್ಮೋಸ್ಟಾಟಿನಲ್ಲಿ ಎರಡು ಬೇರೆ ಲೋಹದ ಪಟ್ಟಿಗಳನ್ನು ಬೆಸೆದಿರುತ್ತಾರೆ. ಬಿಸಿಗೆ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆಗ ಜೋಡಿ ಪಟ್ಟಿ ಬಾಗುತ್ತದೆ, ಬಾಗಿದಾಗ ಕರೆಂಟಿನ ದಾರಿ ಕೂಡುತ್ತದೆ ಇಲ್ಲವೇ ಬಿಡುತ್ತದೆ. ಜೋನ್ಸ್ ಲಾರಿಯಲ್ಲಿ ಥರ್ಮೋಸ್ಟಾಟ್ ಎಂಜಿನ್ನನ್ನೇ ನಡೆಸುತ್ತದೆ, ನಿಲ್ಲಿಸುತ್ತದೆ. ಚಾಲಕ ಕೈ ಹಾಕಬೇಕಾಗಿಲ್ಲ. ಅವರ ಹೆಚ್ಚುಗಾರಿಕೆ ಇರುವುದು ಇಲ್ಲಿ ಅಂತ ನಾನು ತಿಳಿದಿದ್ದೇನೆ. ಗಮನ ಕೊಟ್ಟು ನೋಡಿಕೊಳ್ಳುವವರಿಲ್ಲದೆಯೂ ಹದ ಉಳಿಯುತ್ತದೆ.

ಕೊನೆಯದು ಸುರುಳಿಯ ಮೇಲೆ ಕಟ್ಟುವ ಬಿಳಿ ಪದರ. ಅದನ್ನು ಕರಗಿಸುವುದು ದೊಡ್ಡ ಕೆಲಸ, ಯಾಕೆಂದರೆ ಪದರ ದಪ್ಪವಾದಷ್ಟೂ ಗಾಳಿ ಸುರುಳಿಯನ್ನು ಮುಟ್ಟುವುದಿಲ್ಲ, ಶಾಖ ಒಳಗೇ ಉಳಿಯುತ್ತದೆ. ‘ಮಂಜು’ ಅಂದರೆ ಗಾಳಿಯಲ್ಲಿ ತೇಲುವುದೂ ಆಯಿತು, ‘ಹಿಮ’ ಅಂದರೆ ಮೇಲಿಂದ ಬೀಳುವುದು, ‘ಇಬ್ಬನಿ’ ಹನಿ. ಆಡುಮಾತಿನ ‘ಐಸ್ ಕಟ್ಟಿದೆ’ ಅನ್ನುವುದೇ ಇವೆಲ್ಲಕ್ಕಿಂತ ನಿಖರವಾಗಿದೆ. ‘ಕಟ್ಟಿದ ಐಸ್ ಬಿಡಿಸುವುದು’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಗೊತ್ತಿದ್ದರೆ ಕೇಳಲು ಕಾತರನಾಗಿದ್ದೇನೆ.

ಹೀಗಾಗಿ ನನ್ನ ಪ್ರಶ್ನೆ ಮುಖ್ಯವಾಗಿ ಎರಡು. ‘ತಾಪಮಾನ ಕಂಟ್ರೋಲ್’ಗೆ ‘ಹದ’ದಿಂದ ಹೆಸರುಪದ ಕಟ್ಟಬಹುದೇ, ಕಟ್ಟಿದರೆ ಹೇಗೆ? ‘ಶೀತಕ’ವನ್ನು ಕೊಳವೆಯೊಳಗಿನ ದ್ರವ್ಯಕ್ಕೆ ಮಾತ್ರ ಮೀಸಲಿಡುವುದು ಸರಿಯೇ? ಬರೀ ಪದ ಕೊಡುವ ಬದಲು ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ತುಂಬಾ ಉಪಕಾರ. ಫ್ರಿಜ್, ಏಸಿ ರಿಪೇರಿ ಕೆಲಸ ಬಲ್ಲವರು ಇಲ್ಲಿದ್ದರೆ, ನೀವು ಕೆಲಸದಲ್ಲಿ ಆಡುವ ಮಾತನ್ನೇ ಬರೆಯಿರಿ. ನಿಘಂಟಿನ ಪದಕ್ಕಿಂತ ನನಗೆ ಅದೇ ಹೆಚ್ಚು ಬೇಕಾಗಿದೆ.