ಮನೆಯ ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ನೋಡಬಹುದಾ? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ದಾವಣಗೆರೆ, ವಿದ್ಯಾನಗರದಿಂದ

ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಆದಿತ್ಯ-ಎಲ್1 ಹಾರಿದಾಗಿನಿಂದ ಅವಳಿಗೆ ಸೂರ್ಯನ ಹುಚ್ಚು. ಹೋದ ತಿಂಗಳು ಪರಿಚಯದವರಿಂದ ಒಂದು ಹಳೇ ಟೆಲಿಸ್ಕೋಪ್ ಕೊಂಡೆ. ಮುಂದಿನ ಗಾಜು 70 ಮಿ.ಮೀ., ಫೋಕಲ್ ಲೆಂತ್ 700 ಮಿ.ಮೀ. ಚಂದ್ರ, ಶನಿ ಎಲ್ಲ ನೋಡಿ ಆಯ್ತು. ಈಗ ಸೂರ್ಯನ ಮೇಲಿನ ಕಲೆ ನೋಡಬೇಕಂತೆ. ಡಬ್ಬಿಯಲ್ಲಿ ಒಂದು ಪುಟ್ಟ ಕಡುಹಸಿರು ಗಾಜಿದೆ. ಅಂಚಿನಲ್ಲಿ 'ಸನ್' ಅಂತ ಕೆತ್ತಿದೆ, ಐಪೀಸಿಗೆ, ಅಂದರೆ ಕಣ್ಣಿಟ್ಟು ನೋಡುವ ಕಡೆಯ ಲೆನ್ಸಿಗೆ, ತಿರುಪಿ ಹಾಕುವಂಥದ್ದು. ಅದನ್ನು ಹಾಕಿಕೊಂಡು ನೋಡಬಹುದಾ? ನಮ್ಮಮ್ಮ ಮಾತ್ರ "ಸೂರ್ಯನ್ನ ದುರ್ಬೀನಲ್ಲಿ ನೋಡೋದಾ? ಕಣ್ಣು ಹೋಗ್ತಾವೆ, ಸುಮ್ನಿರು" ಅಂತ ಬೆಳಿಗ್ಗೆಯಿಂದ ಒಂದೇ ಸಮ. ಓದಿದವರಿಗಿಂತ ಮಾಡಿ ನೋಡಿದವರು ಹೇಳಿದರೆ ಉಪಕಾರ.

ಚಿತ್ರದುರ್ಗದಿಂದ

ಸರ್, ಮೊದಲು ಆ ಹಸಿರು ಗಾಜನ್ನು ಕಸಕ್ಕೆ ಹಾಕಿ. ಹಾಕುವ ಮುಂಚೆ ಸುತ್ತಿಗೆಯಲ್ಲಿ ಒಂದು ಏಟು ಕೊಡಿ. ಇಲ್ಲದಿದ್ದರೆ ನಾಳೆ ಮಗಳೇ ಎತ್ತಿಕೊಂಡು ಬರುತ್ತಾಳೆ. ನಿಮ್ಮಮ್ಮ ಹೇಳಿದ್ದರಲ್ಲಿ ಮುಕ್ಕಾಲು ಭಾಗ ಸರಿ.

ನನ್ನ ಮೊದಲ ಟೆಲಿಸ್ಕೋಪಿನ ಜೊತೆಗೂ ಅಂಥದ್ದೇ ಗಾಜು ಬಂದಿತ್ತು. ಕಂಪನಿಯವರೇ ಕೊಟ್ಟಿದ್ದಾರೆ ಅಂದಮೇಲೆ ಸರಿಯಾಗೇ ಇರುತ್ತೆ ಅಂದುಕೊಂಡೆ. ಒಂದು ಡಿಸೆಂಬರ್ ಬೆಳಿಗ್ಗೆ ಟೆರೇಸ್ ಮೇಲೆ ಇಟ್ಟು ನೋಡಿದೆ. ಸೂರ್ಯ ಹಸಿರಾಗಿ, ಚೆನ್ನಾಗಿಯೇ ಕಂಡ. ಎರಡು ಚುಕ್ಕಿಯೂ ಕಂಡವು. ತಮ್ಮನನ್ನು ಕರೆಯೋಣ ಅಂತ ಎದ್ದು ಮೆಟ್ಟಿಲ ಕಡೆ ಹೋದೆ. ಹಿಂದೆ 'ಟಿಕ್' ಅಂತು. ಬಳೆ ಒಡೆದಷ್ಟು ಸಣ್ಣ ಸದ್ದು. ತಿರುಗಿ ನೋಡಿದರೆ ಹಿಂದಿದ್ದ ಕರಿ ನೀರಿನ ಟ್ಯಾಂಕಿನ ಮೇಲೆ ಒಂದು ಬಿಳಿ ಗೆರೆ ಬಿದ್ದಿದೆ. ಅರ್ಧ ನಿಮಿಷದ ಹಿಂದೆ ನನ್ನ ತಲೆ ಇದ್ದ ದಾರಿಯಲ್ಲೇ ಬಂದ ಬೆಳಕು ಅದು. ಗಾಜು ನಡುವೆ ಸೀಳಿತ್ತು. ಆ ದಿನ ತಿಂಡಿ ಸೇರಲಿಲ್ಲ.

ಯಾಕೆ ಸೀಳಿತು ಅಂದರೆ, ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ. ಅಷ್ಟೇ ತೆರೆದಿರುತ್ತೆ. ನಿಮ್ಮ ಟೆಲಿಸ್ಕೋಪಿನ ಬಾಯಿ 70 ಮಿ.ಮೀ. ಕಣ್ಣಿಗಿಂತ 500 ಪಟ್ಟಿಗೂ ಜಾಸ್ತಿ ಬೆಳಕು ಹಿಡಿಯುತ್ತೆ. ಹಿಡಿದದ್ದನ್ನೆಲ್ಲ ಕಡಲೆಕಾಳಿನಷ್ಟು ಜಾಗಕ್ಕೆ ತಂದು ಸುರಿಯುತ್ತೆ. ಹಸಿರು ಗಾಜು ಕೂರುವುದು ಸರಿಯಾಗಿ ಅಲ್ಲೇ. ಕಾದು ಸೀಳದೆ ಇನ್ನೇನು ಮಾಡುತ್ತೆ? ಗ್ರಹಣದ ಕನ್ನಡಕ ಹಾಕಿಕೊಂಡು ಐಪೀಸಿನಲ್ಲಿ ಇಣುಕುವುದೂ ಅಷ್ಟೇ ಅಪಾಯ. ಆ ಕನ್ನಡಕ ಬರಿಗಣ್ಣಿಗೆ ಮಾಡಿದ್ದು. ಒಟ್ಟುಗೂಡಿದ ಬೆಳಕಿಗೆ ಸುಟ್ಟು ತೂತು ಬೀಳುತ್ತೆ.

ಹಾಗಾಗಿ ಫಿಲ್ಟರ್ ಯಾವಾಗಲೂ ಕೊಳವೆಯ ಮುಂಭಾಗಕ್ಕೆ, ಸೂರ್ಯನ ಕಡೆಗೆ. ಬೆಳಕು ಒಳಗೆ ಹೋಗುವ ಮೊದಲೇ ತಡೆಯಬೇಕು. ಇದಕ್ಕೆಂದೇ ಬೆಳ್ಳಿ ಕಾಗದದ ಥರ ಕಾಣುವ ತೆಳು ಶೀಟ್ ಬರುತ್ತೆ. ನಾನು ಬಳಸುವುದು ಬಾಡರ್ ಆಸ್ಟ್ರೋಸೋಲಾರ್. ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಬಿಡುತ್ತೆ. ತರಿಸುವಾಗ ಡೆನ್ಸಿಟಿ 5 ಅಂತ ಇದೆಯಾ ನೋಡಿ. 3.8 ಅಂತ ಇನ್ನೊಂದಿದೆ. ಅದು ಕ್ಯಾಮೆರಾಗೆ ಮಾತ್ರ, ಸುಮಾರು 16 ಪಟ್ಟು ಜಾಸ್ತಿ ಬೆಳಕು ಬಿಡುತ್ತೆ. ನೋಡಲು ಎರಡೂ ಒಂದೇ ಥರ ಕಾಣುವುದರಿಂದ ಲೇಬಲ್ ಓದದೆ ತಗೊಳ್ಳಬೇಡಿ.

ಚಳ್ಳಕೆರೆಯಿಂದ

ನನ್ನದೂ ಒಡೆದಿತ್ತು. ನನ್ನದು ಹೊಗೆ ಬಣ್ಣದ್ದು, ಅಷ್ಟೇ ವ್ಯತ್ಯಾಸ. ಇಂಥ ಗಾಜನ್ನು ಮಕ್ಕಳ ಟೆಲಿಸ್ಕೋಪಿನ ಡಬ್ಬಿಯಲ್ಲಿ ಇಟ್ಟು ಮಾರುವವರಿಗೆ ಏನನ್ನಬೇಕೋ.

ದಾವಣಗೆರೆ, ನಿವೃತ್ತ ವಿಜ್ಞಾನ ಟೀಚರ್

ಶೀಟ್ ಬರುವ ತನಕ ಮಗಳನ್ನು ಕಾಯಿಸಬೇಡಿ. ಕಾಗದದ ಮೇಲೆ ಸೂರ್ಯನನ್ನು ಬೀಳಿಸಿ ನೋಡಬಹುದು. ನಾನು ಶಾಲೆಯಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿದ್ದು. 25 ಮಿ.ಮೀ. ಐಪೀಸ್ ಹಾಕಿ, ಒಂದು ಅಡಿ ಹಿಂದೆ ಬಿಳಿ ಡ್ರಾಯಿಂಗ್ ಶೀಟ್ ಹಿಡಿದರೆ, ನಿಮ್ಮ ಟೆಲಿಸ್ಕೋಪಿನಲ್ಲಿ ಸುಮಾರು ಏಳು ಸೆಂ.ಮೀ. ಅಗಲದ ಸೂರ್ಯ ಬೀಳುತ್ತಾನೆ. ಕಲೆಗಳಿದ್ದರೆ ಪೆನ್ಸಿಲ್ ಚುಕ್ಕಿಯ ಹಾಗೆ ಕಾಣುತ್ತವೆ. ಹತ್ತು ಮಕ್ಕಳು ಒಟ್ಟಿಗೆ ನೋಡಬಹುದು, ಯಾರೂ ಐಪೀಸಿಗೆ ಕಣ್ಣಿಡುವ ಹಾಗೇ ಇಲ್ಲ.

2012ರ ಜೂನ್ 6ರಂದು ಶುಕ್ರ ಸೂರ್ಯನ ಎದುರು ಹಾದುಹೋಗಿದ್ದನ್ನು ತೋರಿಸಿದ್ದೂ ಹೀಗೇ. ಮುಂಗಾರಿನ ಮೋಡ. ಮಕ್ಕಳೆಲ್ಲ ಮೈದಾನದಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದರು. ಒಂಬತ್ತು ಗಂಟೆ ಸುಮಾರಿಗೆ ಹತ್ತು ನಿಮಿಷ ಮೋಡ ಸರಿಯಿತು. ಕಾಗದದ ಮೇಲೆ ಶುಕ್ರ, ಸರಿಯಾಗಿ ಒಂದು ಸಾಸಿವೆ ಕಾಳಿನಷ್ಟು. ಒಬ್ಬ ಹುಡುಗ ಅದನ್ನು ಕಸ ಅಂದುಕೊಂಡು ಉಗುರಿನಿಂದ ಕೆರೆಯಲು ಹೋದ! ಮುಂದಿನದು 2117ಕ್ಕೆ. ಅವನಿಗೆ ಅದು ಗೊತ್ತಿದ್ದರೆ ಕೆರೆಯುತ್ತಿರಲಿಲ್ಲವೇನೋ.

ಇದರಲ್ಲಿ ಎರಡು ತೊಂದರೆ. ಒಂದು, ಫಿಲ್ಟರ್ ಇರುವುದಿಲ್ಲವಾದ್ದರಿಂದ ಕೊಳವೆಯೊಳಗೆ ಬೆಂಕಿಯಂಥ ಬೆಳಕೇ ಹರಿಯುತ್ತಿರುತ್ತೆ. ಪ್ಲಾಸ್ಟಿಕ್ ಐಪೀಸ್ ಹಾಕಿದ್ದಾಗ ಒಳಗಿನ ಬಳೆ ಮೆತ್ತಗಾಗಿ ಲೆನ್ಸ್ ಓರೆಯಾಯಿತು, ಸುಟ್ಟ ವಾಸನೆ ಬಂದ ಮೇಲೇ ಗೊತ್ತಾಗಿದ್ದು. ಹಾಗಾಗಿ ಲೋಹದ, ಕಡಿಮೆ ಬೆಲೆಯ ಐಪೀಸ್ ಇಡಿ. ಒಂದು ನಿಮಿಷ ತೋರಿಸಿ, ಮುಚ್ಚಳ ಹಾಕಿ, ಆರಲು ಬಿಡಿ. ಎರಡು, ಯಾರಾದರೂ ದೊಡ್ಡವರು ಐಪೀಸ್ ಪಕ್ಕದಲ್ಲೇ ನಿಂತಿರಬೇಕು. ನೀರು ಕುಡಿಯಲೂ ಹೋಗಬಾರದು. ಮಕ್ಕಳ ಕುತೂಹಲ ನಿಮಗೇ ಗೊತ್ತಲ್ಲ. ಮತ್ತೆ, ಈ ಉಪಾಯ ಲೆನ್ಸಿನ ಟೆಲಿಸ್ಕೋಪಿಗೆ ಮಾತ್ರ. ಕನ್ನಡಿ, ಲೆನ್ಸ್ ಎರಡೂ ಇರುವ ಗಿಡ್ಡ ಕೊಳವೆಯಲ್ಲಿ ಮಾಡಿದರೆ ಒಳಗೇ ಸುಟ್ಟುಕೊಳ್ಳುತ್ತೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಗಾಜು ಒಡೆದೆ. ಅಮ್ಮನಿಗೆ ಬಹಳ ಖುಷಿ. ಪಕ್ಕದ ಮನೆಯವರು ಹಳೇ ಎಕ್ಸ್-ರೇ ಫಿಲ್ಮ್ ಎರಡು ಪದರ ಮಾಡಿ ಮುಂದೆ ಕಟ್ಟಿ, ನಾವೆಲ್ಲ ಗ್ರಹಣ ನೋಡಿದ್ದು ಅದರಲ್ಲೇ ಅಂತಿದ್ದಾರೆ. ಮುಂಭಾಗಕ್ಕೇ ಕಟ್ಟುವುದಲ್ವಾ, ಆಗಬಹುದಾ?

ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುವವಳು, ದಾವಣಗೆರೆ

ಬೇಡ ಅಣ್ಣ, ದಯವಿಟ್ಟು ಬೇಡ. ಎಕ್ಸ್-ರೇ ಕಪ್ಪಾಗಿ ಕಾಣುತ್ತೆ ನಿಜ. ಆದರೆ ಕಣ್ಣಿಗೆ ಕಾಣದ ಶಾಖದ ಕಿರಣ ಅದರಲ್ಲಿ ದಾಟಿ ಬರಬಹುದು. ಮಸಿ ಹಿಡಿದ ಗಾಜು, ಸಿಡಿ, ಕೂಲಿಂಗ್ ಗ್ಲಾಸ್ ಎಲ್ಲ ಅದೇ ಜಾತಿ. ಬೆಳಕು ಕಮ್ಮಿಯಾಗಿ ಕಂಡರೆ ಪಾಪೆ ಇನ್ನೂ ಅಗಲವಾಗುತ್ತೆ, ಅದೇ ಜಾಸ್ತಿ ಅಪಾಯ.

ಕಣ್ಣಿನ ಹಿಂಪದರಕ್ಕೆ ನೋವಿನ ನರ ಇಲ್ಲ. ಅದಕ್ಕೇ ಸುಡುವಾಗ ಗೊತ್ತೇ ಆಗುವುದಿಲ್ಲ. 2019ರ ಡಿಸೆಂಬರ್ 26ರ ಗ್ರಹಣ ನೆನಪಿದೆಯಲ್ಲ, ಬೆಳಿಗ್ಗೆ ಆಗಿದ್ದು? ಮಾರನೇ ದಿನ ಒಬ್ಬ ಹುಡುಗ ಬಂದಿದ್ದ. "ನಿನ್ನೆ ಏನೂ ಆಗಲಿಲ್ಲ ಮೇಡಂ, ಇವತ್ತು ನಿಮ್ಮ ಮುಖದ ನಡುವೆ ಒಂದು ಮಸಿ ಕಲೆ ಕಾಣ್ತಿದೆ" ಅಂದ. ಅಂಚಿನಲ್ಲಿ ಎಲ್ಲ ಕಾಣುತ್ತೆ, ನೇರ ನೋಡಿದ ಕಡೆ ಮಾತ್ರ ಕಾಣುವುದಿಲ್ಲ. ಅದಕ್ಕೆ ಹಾಕುವ ಔಷಧಿ ಅಂತ ಏನಿಲ್ಲ, ಕಾಯಬೇಕು. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತೆ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ. ಅವನು ನೋಡಿದ್ದು ಬರಿಗಣ್ಣಲ್ಲಿ. ಟೆಲಿಸ್ಕೋಪಿನಲ್ಲಾದರೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಚಿತ್ರದುರ್ಗದಿಂದ, ಮತ್ತೆ

ಮೇಡಂ ಹೇಳಿದ ಮೇಲೆ ಎಕ್ಸ್-ರೇ ಮಾತು ಮುಗಿಯಿತು. ಈಗ ಶೀಟನ್ನು ಕೂರಿಸುವುದು ಹೇಗೆ ಅಂತ ಹೇಳುತ್ತೇನೆ. ಎಲ್ಲರೂ ಎಡವುವುದು ಇಲ್ಲೇ.

ಮದುವೆ ಕಾರ್ಡಿನ ಗಟ್ಟಿ ರಟ್ಟು ತಗೊಳ್ಳಿ. ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ, ಕೊಳವೆಯ ಬಾಯಿಗೆ ಮೂರು ಸುತ್ತು ಸುತ್ತಿ ಅಂಟಿಸಿ. ಡಬ್ಬಿ ಮುಚ್ಚಳದ ಹಾಗೆ ಬಿಗಿಯಾಗಿ ಕೂರಬೇಕು, ಆದರೆ ತೆಗೆಯಲು ಬರಬೇಕು. ಆಮೇಲೆ ರಟ್ಟಿನ ಎರಡು ಬಳೆ ಮಾಡಿ, ನಡುವೆ ಶೀಟ್ ಇಟ್ಟು ಎರಡು ಬದಿ ಅಂಟಿನ ಟೇಪಿನಿಂದ ಸೇರಿಸಿ, ಆ ಪಟ್ಟಿಗೆ ಅಂಟಿಸಿ. ಶೀಟನ್ನು ತಮಟೆ ಚರ್ಮದ ಹಾಗೆ ಎಳೆಯಬೇಡಿ. ಸುಕ್ಕು ಇದ್ದರೇ ಒಳ್ಳೆಯದು, ಎಳೆದರೆ ಬಿಂಬ ಕೆಡುತ್ತೆ. ಪ್ರತಿ ಸಲ ಹಾಕುವ ಮುಂಚೆ ಕತ್ತಲೆ ಕೋಣೆಯಲ್ಲಿ ಟಾರ್ಚ್ ಎದುರು ಹಿಡಿದು ನೋಡಿ. ಸೂಜಿ ಮೊನೆಯಷ್ಟು ಬೆಳಕು ತೂರಿ ಬಂದರೂ ಆ ಶೀಟ್ ಬೇಡ.

ನಮ್ಮೂರಿನ ಗಾಳಿ ನಿಮಗೆ ಗೊತ್ತಲ್ಲ, ಸುಮ್ಮನೆ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿಲ್ಲ. ಒಂದು ಸಲ ನನ್ನ ಫಿಲ್ಟರ್ ಹಾರಿ ಪಕ್ಕದ ಮನೆ ತಗಡಿನ ಮೇಲೆ ಬಿತ್ತು. ಪುಣ್ಯಕ್ಕೆ ಆಗ ಯಾರೂ ಇಣುಕುತ್ತಿರಲಿಲ್ಲ. ಅವತ್ತಿನಿಂದ ಮೂರು ಕಡೆ ಟೇಪ್ ಹಾಕದೆ ಕೊಳವೆಯನ್ನು ಸೂರ್ಯನ ಕಡೆ ತಿರುಗಿಸಿಲ್ಲ. ದಾವಣಗೆರೆಯಲ್ಲಿ ಗಾಳಿ ಕಮ್ಮಿ ಅಂತ ಟೇಪ್ ಬಿಡಬೇಡಿ.

ಇನ್ನು ಕೊಳವೆಯ ಮೇಲೆ ಕೂರುವ ಫೈಂಡರ್, ಅಂದರೆ ಗುರಿ ಹಿಡಿಯುವ ಚಿಕ್ಕ ದುರ್ಬೀನು. ಅದಕ್ಕೆ ಮುಚ್ಚಳ ಹಾಕಿದರೆ ಸಾಕು ಅನ್ನುತ್ತಾರೆ. ನಾನು ಬಿಚ್ಚಿ ಒಳಗಿಟ್ಟು ಬರುತ್ತೇನೆ. ಮುಂದಿನ ಫಿಲ್ಟರ್ ಫೈಂಡರನ್ನು ಮುಚ್ಚುವುದಿಲ್ಲ ಅನ್ನುವುದೇ ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ನನ್ನ ಒಂದು ಶರ್ಟಿನ ತೋಳಿನಲ್ಲಿ ಈಗಲೂ ಬೀಡಿ ಸುಟ್ಟಂಥ ತೂತಿದೆ, ಫೈಂಡರ್ ಕೊಟ್ಟಿದ್ದು. ಫೈಂಡರ್ ಇಲ್ಲದೆ ಸೂರ್ಯನನ್ನು ಹಿಡಿಯುವುದು ಸುಲಭ. ಸೂರ್ಯನ ಕಡೆ ನೋಡಲೇಬೇಡಿ, ನೆಲದ ಮೇಲೆ ಕೊಳವೆಯ ನೆರಳು ನೋಡಿ. ತಿರುಗಿಸುತ್ತ ಹೋದ ಹಾಗೆ ಉದ್ದ ನೆರಳು ಕುಗ್ಗುತ್ತೆ. ಎಲ್ಲಕ್ಕಿಂತ ಚಿಕ್ಕದಾಗಿ ಗುಂಡಗಾದಾಗ ಐಪೀಸಿನಲ್ಲಿ ಸೂರ್ಯ ಇರುತ್ತಾನೆ.

ಹೊತ್ತು ಬೆಳಿಗ್ಗೆ ಎಂಟರಿಂದ ಹತ್ತು. ಆಮೇಲೆ ಟೆರೇಸ್ ಕಾದು ಗಾಳಿ ನಡುಗುತ್ತೆ, ಸೂರ್ಯನ ಅಂಚು ಕುದಿಯುವ ಹಾಲಿನ ಹಾಗೆ ಅಲ್ಲಾಡುತ್ತೆ. ಇಲ್ಲಿ ಕೋಟೆ ಬಂಡೆಗಳ ಮೇಲಿನಿಂದ ನೋಡಿದರಂತೂ ಕೇಳಲೇಬೇಡಿ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಆಗ ನಿಮ್ಮ ಸ್ಟ್ಯಾಂಡಿನಲ್ಲಿ ಕೊಳವೆ ಎತ್ತುವುದೂ ಕಷ್ಟ. ಅಂಗಳದಲ್ಲಿ ಹುಲ್ಲು ಇದ್ದರೆ ಅದರ ಮೇಲೇ ಇಡಿ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಶೀಟ್ ಬಂತು. ಮದುವೆ ಕಾರ್ಡಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ಟಾರ್ಚ್ ಹಿಡಿದು ನೋಡಿದೆವು, ಮೂರು ಕಡೆ ಟೇಪ್, ಫೈಂಡರ್ ಬೀರುವಿನಲ್ಲಿ. ಸೂರ್ಯ ಹಳದಿಯೂ ಅಲ್ಲ, ಕೆಂಪೂ ಅಲ್ಲ, ತಣ್ಣಗೆ ಬೆಳ್ಳಗೆ ಕಂಡ. ಅಂಚಿನ ಕಡೆ ಸ್ವಲ್ಪ ಮಬ್ಬು. ನಡುವೆ ಒಂದು ಕಲೆ. ಕಪ್ಪು ಚುಕ್ಕಿ, ಸುತ್ತ ಬೂದು ಬಣ್ಣದ ಅಂಚು. ಖಾಲಿ ದೋಸೆ ಮೇಲಿನ ಕರಕಲಿನ ಹಾಗೆ ಅಂದಳು ಮಗಳು. ಭೂಮಿಯೇ ಅದರಲ್ಲಿ ಕೂರಬಹುದು ಅಂದೆ, ನಂಬಲಿಲ್ಲ. ಸೂರ್ಯನ ಅಡ್ಡಕ್ಕೆ 109 ಭೂಮಿ ಸಾಲಾಗಿ ನಿಲ್ಲುತ್ತವೆ ಅಂತ ಲೆಕ್ಕ ಹಾಕಿ ತೋರಿಸಿದ ಮೇಲೆ ಸುಮ್ಮನಾದಳು. ಅಮ್ಮನೂ ಕೊನೆಗೆ ಇಣುಕಿದರು. ಮೊದಲು ನನ್ನನ್ನು ನೋಡಲು ಹೇಳಿ, ನನ್ನ ಕಣ್ಣು ಪರೀಕ್ಷೆ ಮಾಡಿ, ಆಮೇಲೆ. "ಇಷ್ಟೇನಾ, ಚಂದ್ರನ ಥರಾನೇ ಇದಾನಲ್ಲ" ಅಂದರು.

ಈಗ ಹೊಸ ತಲೆನೋವು. ಮಗಳು ದಿನಾ ಒಂದು ವೃತ್ತ ಬರೆದು ಕಲೆ ಗುರುತಿಸುತ್ತಿದ್ದಾಳೆ. ನಾಲ್ಕು ದಿನ ಬೆಳಿಗ್ಗೆ ನೋಡಿದಾಗ ಕಲೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಯಿತು. ಐದನೇ ದಿನ ಬೆಳಿಗ್ಗೆ ಮೋಡ, ಸಂಜೆ ನೋಡಿದೆವು. ಕಲೆ ಕೆಳಗಿದೆ! ಟೆಲಿಸ್ಕೋಪ್ ಕೆಟ್ಟಿತಾ?

ನಿವೃತ್ತ ವಿಜ್ಞಾನ ಟೀಚರ್

ಕೆಟ್ಟಿಲ್ಲ, ಮಗಳು ಸರಿಯಾಗೇ ಬರೆದಿದ್ದಾಳೆ. ಸೂರ್ಯ ಪಶ್ಚಿಮದ ಕಡೆ ಹೊರಟವನು. ಬೆಳಿಗ್ಗೆ ಏರುವಾಗ ಅವನ ಪಶ್ಚಿಮದ ಅಂಚು ಮೇಲಿರುತ್ತೆ, ಸಂಜೆ ಇಳಿಯುವಾಗ ಅದೇ ಅಂಚು ಕೆಳಗೆ. ಕಲೆ ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿಗೆ ಸುಮಾರು 13 ದಿನದಲ್ಲಿ ದಾಟುತ್ತೆ. ಇನ್ನು ಮೇಲೆ ಹೀಗೆ ಮಾಡಲಿ. ಸೂರ್ಯನನ್ನು ನಡುವೆ ತಂದು, ಟೆಲಿಸ್ಕೋಪ್ ಮುಟ್ಟದೆ ಎರಡು ನಿಮಿಷ ಬಿಡಲಿ. ಯಾವ ಅಂಚು ಮೊದಲು ಸರಿದು ಆಚೆ ಹೋಗುತ್ತೋ ಅದು ಪಶ್ಚಿಮ. ಕಾಗದದಲ್ಲಿ ಆ ಕಡೆ ಒಂದು 'ಪ' ಬರೆದುಕೊಂಡು ಆಮೇಲೆ ಚುಕ್ಕಿ ಹಾಕಲಿ. ಐದನೇ ದಿನದ ಹಾಳೆ ಎಸೆಯಬೇಡಿ, ತಲೆಕೆಳಗು ಮಾಡಿ ಇಟ್ಟು ನೋಡಿ.