ಸಂಸ್ಕೃತ ಓದಿದವಳು ಗ್ರೀಕ್ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೇ?

ಮಲ್ಪೆಯವಳು:
ಉಡುಪಿಯಲ್ಲಿ ಸಂಸ್ಕೃತ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ ಹಾಳೆಗಳಲ್ಲಿ ಚಾರಿಶನ್ ಎಂಬ ಹೆಣ್ಣಿನ ಗ್ರೀಕ್ ಪ್ರಹಸನವಿದೆಯಲ್ಲ, ಅದರಲ್ಲಿ ಭಾರತದ ಕಡಲತೀರದವರು ಆಡುವ ಮಾತು ಕನ್ನಡವೆಂದು ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದ್ದರು. ಆ ತೀರ ಮಲ್ಪೆಯೇ ಎಂದವರೂ ಇದ್ದಾರೆ. ನಮ್ಮ ಮನೆಯ ಹಿಂದೆ ಬಲೆ ಒಣಗುತ್ತಿರುತ್ತದೆ. ಆ ಊರಿನ ಹೆಸರನ್ನು ಅಷ್ಟು ಹಳೆಯ ಹಾಳೆಯ ಜೊತೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗ್ರೀಕ್ ಮೂಲವನ್ನೇ ಓದಬೇಕು. ಈ ಡಿಸೆಂಬರಿನಲ್ಲಿ ಅಮೆರಿಕದ ಪಿಎಚ್.ಡಿ.ಗೆ ಅರ್ಜಿ ಹಾಕೋಣವೆಂದಿದ್ದೇನೆ. ಅರ್ಧ ಪಠ್ಯಪುಸ್ತಕದಷ್ಟು ಗ್ರೀಕ್ ಬರುತ್ತದೆ, ಲ್ಯಾಟಿನ್ ಇಲ್ಲ. ಶಿಫಾರಸು ಪತ್ರಕ್ಕೆ ಪ್ರಾಂಶುಪಾಲರನ್ನು ಕೇಳಲೇ?

ನೇತ್ರಾವತಿ ದಂಡೆ:
ತಂಗೀ, ಈ ಡಿಸೆಂಬರ್ ಬೇಡ. ನಾನೂ ಇದೇ ಅವಸರ ಮಾಡಿ ಐದು ಕಡೆ ಅರ್ಜಿ ಹಾಕಿದ್ದೆ. ಐದೂ ಕಡೆಯಿಂದ ಇಲ್ಲವೆಂದು ಉತ್ತರ ಬಂತು. ಪ್ರವೇಶ ಸಮಿತಿಯವರು ಮೊದಲು ನೋಡುವುದು ನೀವು ಗ್ರೀಕ್, ಲ್ಯಾಟಿನ್ ಎರಡನ್ನೂ ಮೂಲದಲ್ಲಿ ಎಷ್ಟು ಓದಿದ್ದೀರಿ ಎಂಬುದನ್ನೇ. ಮಲ್ಪೆಯ ಕಥೆ ಎಷ್ಟು ಚೆನ್ನಾಗಿದ್ದರೂ ಅದರ ಬದಲಿಗೆ ನಿಲ್ಲದು.

ಆ ಮೇಲಿನ ವರ್ಷ ನಾನು ಮಂಗಳೂರಿನ ಜೆಪ್ಪುವಿನಲ್ಲಿ ನಿವೃತ್ತ ಪಾದ್ರಿಯೊಬ್ಬರ ಹತ್ತಿರ ಲ್ಯಾಟಿನ್ ಕಲಿತೆ. ವಾರಕ್ಕೆ ಮೂರು ಸಂಜೆ ಸೀಸರನ ಗದ್ಯ. ಸಾಲಿನ ಕೆಳಗೆ ಅವರ ಉಗುರು ಮೆಲ್ಲಗೆ ಸರಿಯುತ್ತಿತ್ತು. ನಾನು ಅರ್ಥ ಹೇಳಲು ಬಾಯಿ ತೆರೆದರೆ ಉಗುರು ನಿಲ್ಲುತ್ತಿತ್ತು: "ಮೊದಲು ಕ್ರಿಯಾಪದ ತೋರಿಸು." ನಿಮಗಿದು ಹೊಸದಲ್ಲ, ಸಂಸ್ಕೃತ ಶ್ಲೋಕದ ಪದಗಳನ್ನು ಅರ್ಥಕ್ಕೆ ತಕ್ಕಂತೆ ಜೋಡಿಸಿ ಅನ್ವಯ ಮಾಡುವುದು ಹೀಗೆಯೇ ಅಲ್ಲವೇ? ಗ್ರೀಕಿನಲ್ಲೂ ದ್ವಿವಚನವಿದೆ, ಕ್ರಿಯೆಯ ಫಲ ಮಾಡುವವನಿಗೇ ಸೇರುವುದನ್ನು ಹೇಳುವ ಆತ್ಮನೇಪದಕ್ಕೆ ಒಡಹುಟ್ಟಿದ ಮಧ್ಯಮ ರೂಪಗಳಿವೆ. ಸಂಸ್ಕೃತದ ಲುಙ್ ಲಕಾರವೆಂಬ ಭೂತಕಾಲದ ರೂಪದಲ್ಲಿ ಧಾತುವಿನ ಮುಂದೆ 'ಅ' ಸೇರುವಂತೆ ಅಲ್ಲಿನ ಭೂತಕಾಲದ ರೂಪವಾದ ಅಯೋರಿಸ್ಟ್‌ನಲ್ಲಿ 'ಎ' ಸೇರುತ್ತದೆ. ನಿಮ್ಮ ಸಂಸ್ಕೃತವನ್ನು ಅರ್ಜಿಯಲ್ಲಿ ಧೈರ್ಯವಾಗಿ ಮುಂದಿಡಿ.

ಅರ್ಜಿಯ ಜೊತೆ ಕಳಿಸುವ ಬರವಣಿಗೆಯ ಮಾದರಿಗೆ ಇಡೀ ಪ್ರಹಸನ ಬೇಡ. ಆ ಪರಭಾಷೆಯ ನಾಲ್ಕು ಸಾಲು ಹಿಡಿದು, ಕನ್ನಡವೆಂದವರ ವಾದ ಎಲ್ಲಿ ಗಟ್ಟಿ, ಎಲ್ಲಿ ಅಕ್ಷರಗಳನ್ನು ಎಳೆದಾಡಿದ್ದಾರೆ ಎಂದು ಬರೆಯಿರಿ. ಊರಿನ ಅಭಿಮಾನ ಅಡ್ಡ ಬರುತ್ತದೆ, ನನಗೂ ಬಂದಿತ್ತು. ಆದರೂ ಅದನ್ನು ಪಕ್ಕಕ್ಕಿಟ್ಟು ಬರೆಯಿರಿ.

ಪತ್ರಕ್ಕೆ ಪ್ರಾಂಶುಪಾಲರು ಬೇಡವೇ ಬೇಡ. ನಿಮ್ಮ ತಪ್ಪು ತಿದ್ದಿದ ಅಧ್ಯಾಪಕರನ್ನು ಕೇಳಿ. ಸಾಮಾನ್ಯವಾಗಿ ಮೂರು ಪತ್ರ ಬೇಕು, ಎರಡು ತಿಂಗಳ ಮೊದಲೇ ಹೇಳಿಡಿ.

ಕಡಿಯಾಳಿ ವಾಸಿ:
ಹಣದ ಮಾತೂ ಇರಲಿ. ಅಮೆರಿಕದ ಪಿಎಚ್.ಡಿ.ಯಲ್ಲಿ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ಜೀವನವೇತನವೂ ಸಿಗುತ್ತದೆ. ಪದವಿಯ ನಂತರ ಭಾಷೆ ಗಟ್ಟಿ ಮಾಡಿಕೊಳ್ಳಲು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಂಥ ಕಡೆ ಪ್ರತ್ಯೇಕ ಕೋರ್ಸ್‌ಗಳಿವೆ, ಆದರೆ ಅದರ ಹೊರೆ ಮನೆಯವರ ಮೇಲೆ ಬೀಳುತ್ತದೆ. ಅರ್ಜಿ ಶುಲ್ಕದ ವಿನಾಯಿತಿಯನ್ನು ಸಂಕೋಚವಿಲ್ಲದೆ ಕೇಳಿ. ಪರ್ಸಿಯಸ್ ಜಾಲತಾಣದಲ್ಲಿ ಮೂಲಪಾಠ, ನಿಘಂಟು ಎರಡೂ ಉಚಿತ. ಮುಂದೆ ಜರ್ಮನ್, ಫ್ರೆಂಚ್ ಓದುವ ಪರೀಕ್ಷೆಯೂ ಇರುತ್ತದೆ, ಒಂದನ್ನಾದರೂ ಈಗಲೇ ಶುರುಮಾಡಿ.

ಮಲ್ಪೆಯವಳು:
ಈ ವರ್ಷದ ಅರ್ಜಿ ಬಿಟ್ಟೆ. ಬಿಡುವಾಗ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಪತ್ರಕ್ಕೆ ನಮ್ಮ ವ್ಯಾಕರಣದ ಮೇಷ್ಟ್ರನ್ನು ಕೇಳುತ್ತೇನೆ, ನನ್ನ ಪ್ರಬಂಧದ ಪ್ರತಿ ಪುಟದಲ್ಲೂ ಅವರ ಕೆಂಪು ಶಾಯಿ ಇದೆ. ಅಣ್ಣಾ, ಜೆಪ್ಪುವಿನ ಗುರುಗಳು ಈಗಲೂ ಪಾಠ ಹೇಳುತ್ತಾರೆಯೇ? ಶನಿವಾರಗಳಲ್ಲಿ ನಾನು ಬಸ್ಸಿನಲ್ಲಿ ಮಂಗಳೂರಿಗೆ ಬರಬಲ್ಲೆ.