ನಮ್ಮ ಹುಡುಗನ್ನ ಬದಾಮಿಗೆ ಕಳಿಸ್ಲೇನಣ್ಣಾ ಅಂದಿಯಲ್ಲವಾ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಬೆಳಗಾವಿ ಕಾಲೇಜ್ ಹುಡುಗರೆಲ್ಲಾ ಕೂಡಿ ರವಿವಾರ ಬದಾಮಿಗೆ ಹಗ್ಗ ಇಲ್ದ ಗಿಡ್ಡ ಬಂಡೆಗಲ್ಲು ಹತ್ತೋ ಬೌಲ್ಡರಿಂಗು, ಮ್ಯಾಲಿಂದ ಹಗ್ಗ ಬಿಟ್ಟು ಹತ್ತೋ ಟಾಪ್ ರೋಪು ಅಂತ ಹೊಂಟಾರ, ನಮ್ಮ ಹುಡುಗನ್ನೂ ಕಳಿಸ್ಲೇನಣ್ಣಾ, ಎದಿ ಡವಡವ ಅಂತೈತಿ ಅಂದಿ. ಕಳಿಸವಾ, ಬ್ಯಾಡ ಅನ್ನಂಗಿಲ್ಲ ನಾ. ಆದ್ರ ಒಂದ ಮಾತು, ಗ್ರೂಪ್‌ನ್ಯಾಗ ಇದ್ದವ್ರೆಲ್ಲಾ ಕೇಳ್ರಿ, ಮಳಿ ಬಿದ್ದ ಕಲ್ಲು ಹತ್ತಬಾರದು.

ಗುಳೇದಗುಡ್ಡದ ಕಾಕಾನ ನಡುವಿನ ಮಗ ಕುಂಟತಾನಲ್ಲ, ಅದು ಹೆಂಗಾತು ಅಂತ ಸಣ್ಣವ್ರಿಗೆ ಗೊತ್ತಿಲ್ಲ. ರಾತ್ರಿ ಅಡ್ಡಮಳಿ ಹೊಡದಿತ್ತು, ಮುಂಜಾನೆ ಬಿಸಲು ಬಿದ್ದು ಕಲ್ಲು ಕೆಂಪಗ ಒಣಗಿ ನಿಂತಿತ್ತು, ಯಾರ ನೋಡಿದ್ರೂ ಒಣಗೈತಿ ಅನ್ನವ್ರ. ನಾ ಬ್ಯಾಡೋ ಅಂತ ಕೆಳಗ ನಿಂತು ಒದರಿದೆ, ಕೇಳಲಿಲ್ಲ, ಎರಡಾಳೆತ್ತರ ಹೋಗಿ ಬಲಗೈಲೆ ಒಂದು ಅಂಚು ಹಿಡದು ಮೈಭಾರ ಬಿಟ್ಟ ನೋಡು, ಖಡಕ್ ರೊಟ್ಟಿ ಮುರದಂಗ ಲಟಕ್ ಅಂತ ಕೈಯಾಗ ಬಂತದು. ಬಿದ್ದಿದ್ದು ಬಂಡೆಗಲ್ಲಿನ ಮ್ಯಾಲೆ, ಹಿಮ್ಮಡ ಒಡದು ಹೋತು. ಆ ಮುರದ ತುಂಡು ಎತ್ತಿ ನೋಡಿದೆ ನಾ. ಹೊರಗಡೆ ಗಟ್ಟಿ, ಒಣಾ, ಒಳಗ ಕರಿಗೆಂಪು ಹಸಿ, ಹೆಬ್ಬಟ್ಟಿಲೆ ತಿಕ್ಕಿದ್ರ ಉಸುಕು ಉದರ್ತಿತ್ತು. ನಮ್ಮದು ಮರಳುಗಲ್ಲವಾ, ಕ್ರಿ.ಶ. 578ರಾಗ ಚಾಲುಕ್ಯರ ಮಂಗಳೇಶ ಬದಾಮಿ ಮೂರನೇ ಗುಹಾ ಮುಗಿಸಿದ್ದು ಇದ ಕಲ್ಲಿನಾಗ, ಉಳಿಗೆ ಬಗ್ಗೋ ಕಲ್ಲು ಅಂತನ ಹಂಗ ಕೆತ್ತಿದ್ರು. ಉಸುಕಿನ ಕಣಕ್ಕ ಕಣ ಅಂಟಿ ಆದ ಕಲ್ಲು, ನೀರು ಒಳಗ ಹೊಕ್ಕಿತು ಅಂದ್ರ ಆ ಅಂಟು ಸಡಿಲ ಆಕ್ಕೈತಿ. ಮತ್ತ ಹೇಳ್ತೀನಿ, ಮಳಿ ಬಿದ್ದ ಕಲ್ಲು ಹತ್ತಬಾರದು, ಮ್ಯಾಲೆ ಒಣಗಿದ್ರೂ ಹತ್ತಬಾರದು.

ಅಲ್ಲವಾ, ಇದನ್ನೆಲ್ಲಾ ಎದುರಿಗೆ ಕುಂದ್ರಿಸ್ಕೊಂಡು ಹೇಳೋಣಂದ್ರ ನಮ್ಮನಿಗೆ ಬರೋರ ಯಾರು? ಬದಾಮಿಗೆ ಎಲ್ಲಾರೂ ಬರ್ತೀರಿ. ಬನಶಂಕರಿ ಜಾತ್ರಿಗೆ ಬಂದು ತೇರು ಎಳದು, ರಾತ್ರಿ ನಾಟಕ ನೋಡಿ, ಫೋಟೋ ಗ್ರೂಪಿಗೆ ಹಾಕಿ ಹಂಗ ಹೊಂಟಬಿಡ್ತೀರಿ. ಹುಡುಗರಂತೂ ಲಾಡ್ಜ್ ಮಾಡ್ತಾವ. ಸೋದರಮಾವ ಊರಾಗ ಇದ್ದಾಗ ಅಳಿಯ ಲಾಡ್ಜಿನಾಗ ಇಳಿಯೋದು ಯಾವ ಪದ್ಧತಿ? ನಿಮ್ಮ ವೈನಿ ಹೋದ ಸಲ ಸಜ್ಜಿ ರೊಟ್ಟಿ ಬಡದು, ಎಣಗಾಯಿ ಮಾಡ್ಕೊಂಡು ಮಧ್ಯಾಹ್ನ ಮೂರರ ತನಕ ಕುಂತಿದ್ಲು, ಒಂದು ಫೋನೂ ಬರಲಿಲ್ಲ. ಮನಸಿಗೆ ಹತ್ತೈತಿ ಆಕಿಗೆ.

ಅಯ್ಯ, ಹೇಳಬೇಕಾದ್ದ ಮರತೆ. ಶನಿವಾರ ಸಂಜಿಗೆ ನಮ್ಮ ಹುಡುಗಗ ನಂಗ ಫೋನ್ ಮಾಡಂತ ಹೇಳು, ಎರಡು ಮೂರು ದಿನದಾಗ ಇಲ್ಲಿ ಮಳಿ ಬಂದೈತೋ ಇಲ್ಲೋ ನಾ ಹೇಳ್ತೀನಿ. ಬಂದ ಮ್ಯಾಲೂ ಕಲ್ಲಿನ ಬುಡದಾಗ ಉಸುಕು ಒಂದು ಗೇಣು ಕೆದರಿ ನೋಡ್ಲಿ, ಒಳಗ ಹಸಿ ಇದ್ರ ಕಲ್ಲೂ ಹಸೀನ ಅಂತ ತಿಳೀಲಿ. ಟಾಪ್ ರೋಪ್ ಅಂದ್ರ ಮ್ಯಾಲೆ ಕಲ್ಲಿಗೆ ಹೊಡದ ಎರಡು ಬೋಲ್ಟಿಗೆ ಕಟ್ಟಿರಬೇಕು, ಒಂದನ್ನ ನಂಬಬಾರದು, ಸ್ಲಿಂಗ್ ಪಟ್ಟಿ ಉದ್ದ ಬಿಟ್ಟು, ಹಗ್ಗ ಹಾಯೋ ಕ್ಯಾರಬೈನರ್ ಕೊಂಡಿ ಅಂಚಿನ ಕೆಳಗ ಬರಂಗ ಮಾಡ್ಬೇಕು, ಇಲ್ಲಾಂದ್ರ ಹಗ್ಗ ಅಂಚಿಗೆ ತಿಕ್ಕಿ ಹಗ್ಗಾನೂ ಹಾಳು ಕಲ್ಲೂ ಹಾಳು. ಗಂಟು ಅವನೂ ನೋಡ್ಲಿ, ಕೆಳಗ ಬಿಲೇ, ಅಂದ್ರ ಹಗ್ಗ, ಹಿಡಿಯವನೂ ನೋಡ್ಲಿ. ಹೆಲ್ಮೆಟ್ ಬೇಕ ಬೇಕು. ಹೆಜ್ಜೇನು ಕಟ್ಟಿದ್ದು ಕಂಡ್ರ ಆ ಕಡೆ ಹೋಗೋದ ಬ್ಯಾಡ, ಗುಹಾ ಇರೋ ಬಂಡೆಗಲ್ಲಿಗೆ ಕೈ ಹಚ್ಚಬಾರದು. ಮಳಿ ಆಗಿತ್ತಂದ್ರ ಮುಂದಿನ ರವಿವಾರ ಬರ್ಲಿ.